ಮೇಲಿನ ಎರಡು ಹಲ್ಲು

ಡಾಕ್ಟರಮ್ಮನವರಿಗೆ ನಮಸ್ಕಾರ.

ಬರುತ್ತೇನೆಂದು ಹೇಳಿ ಎರಡು ಸಲ ಕೈಕೊಟ್ಟಿದ್ದಕ್ಕೆ ಕ್ಷಮಿಸಿ. ಹಲ್ಲಿನ ಬುಡದ ಕೀವು ದವಡೆಗೆ ಹರಡಿದರೆ ಕಷ್ಟ, ಬೇಗ ಕೀಳಿಸಬೇಕು ಎಂದು ನೀವು ಹೇಳಿದ್ದನ್ನು ಮರೆತಿರಲಿಲ್ಲ. ಆದರೆ ಸ್ಯಾಕ್ಸೋಫೋನಿನ ಊದುವ ತುದಿಯನ್ನು ಬಾಯಲ್ಲಿ ಹಿಡಿದು ನಿಲ್ಲಿಸುವುದೇ ಆ ಮೇಲಿನ ಎರಡು ಹಲ್ಲು. ಊರವರ ಮದುವೆಗಳಲ್ಲಿ, ಹೋಟೆಲುಗಳಲ್ಲಿ ನುಡಿಸಿಕೊಂಡೇ ಅರವತ್ತೊಂಬತ್ತು ತುಂಬಿತು. ನನ್ನದೇ ಹೆಸರಿನ ಮೊದಲ ಜಾಝ್ ಆಲ್ಬಂ ಅರ್ಧದಲ್ಲಿತ್ತು.

ಕಿಟಕಿಯೇ ಇಲ್ಲದ ಸ್ಟುಡಿಯೋದಲ್ಲಿ ಹನ್ನೊಂದು ದಿನ ನುಡಿಸಿದೆ. ಪಿಯಾನೋ ನುಡಿಸುವ ಮಗಳ ಕಣ್ಣು ತಪ್ಪಿಸಿ ಬಾಯಿಯ ರಕ್ತವನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದೆ. ನಿನ್ನೆ ಕೊನೆಯ ಹಾಡು ಮುಗಿದಾಗ ಗಾಜಿನಾಚೆಯಿಂದ ರೆಕಾರ್ಡಿಂಗಿನವನು, "ಮೇಷ್ಟ್ರೇ, ಕೊನೇಲಿ ಸ್ವರ ನಡುಗಿತು, ಇನ್ನೊಂದು ಸಲ ತಗೊಳ್ಳೋಣ," ಅಂದ. ನಾನು ಹೂಂ ಅಂದೆ.

ಮಗಳು ಪಿಯಾನೋ ಮುಚ್ಚಿದಳು. "ಬೇಡ, ನಡುಗಿದ್ದು ಹಾಗೇ ಇರಲಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಪ್ಪ, ನಿನ್ನ ಕರವಸ್ತ್ರ ಒಗೆಯೋಳು ನಾನೇ ಅಲ್ವಾ?" ಅಂದಳು.

ಸೋಮವಾರ ಬೆಳಿಗ್ಗೆ ಬರುತ್ತೇನೆ, ಎರಡೂ ಕಿತ್ತುಬಿಡಿ. ಅವಳೂ ಜೊತೆಗಿರುತ್ತಾಳೆ. ಇನ್ನು ಅಪ್ಪ ನುಡಿಸಬಹುದಾ ಎಂದು ಕೇಳೇ ಕೇಳುತ್ತಾಳೆ. ದಯವಿಟ್ಟು ನಾನು ಕೋಣೆಯಿಂದ ಹೊರಗೆ ಹೋದ ಮೇಲೆ ಉತ್ತರ ಹೇಳಿ.

ಇತಿ,
ನಿಮ್ಮ ಮಾತು ಮೀರಿದ ರೋಗಿ