ನಾಗವೇಣಿಗೆ ಹೇಳಬೇಕಾಗಿದ್ದ ಮಾತು

ಬಳ್ಳಾರಿ, ಆಸ್ಪತ್ರೆಯಿಂದ
ಶನಿವಾರ, ೧೬ ನವೆಂಬರ್ ೨೦೨೪

ಚಿ. ಸೌ. ತಂಗಿ ನಾಗವೇಣಿಗೆ,

ನಿನ್ನ ಅಕ್ಕ ಮೈಲಾರಮ್ಮನ ಆಶೀರ್ವಾದಗಳು. ಮಡಕಶಿರಾದಲ್ಲಿ ನೀನು, ನಿನ್ನ ಯಜಮಾನರು, ನಿಮ್ಮ ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಮಗಳು ವಿದ್ಯಾಶ್ರೀ ಆಸ್ಪತ್ರೆ ಸೇರಿದ ಸುದ್ದಿ ನಿನಗೆ ಬೇರೆಯವರ ಬಾಯಿಂದ ತಿಳಿಯಿತಂತೆ. ನಾನೇ ಹೇಳಬೇಕಿತ್ತು, ತಪ್ಪಾಯಿತು. ಎರಡು ಸಲ ನಿನ್ನ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಿ ಅಳು ಬಂದರೆ ಮಾತು ನಿಂತುಹೋಗುತ್ತದೆ. ಕಾಗದವಾದರೆ ಅಳುತ್ತಲೇ ಬರೆಯಬಹುದು.

ಇವತ್ತಿಗೆ ಇಪ್ಪತ್ಮೂರು ದಿನ. ಬೆಳುಗುಪ್ಪದ ಮನೆಯಲ್ಲಿ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ನಿಂತಿದ್ದವಳು ನಿಂತಲ್ಲೇ ಬಿದ್ದಳು. ಮೂರು ದಿನದಿಂದ ಜ್ವರವಿತ್ತು, ಪರೀಕ್ಷೆಯ ಓದಿನ ಆಯಾಸವೆಂದುಕೊಂಡಿದ್ದೆ. ರಾಯದುರ್ಗದಲ್ಲಿ ನೋಡಿ ಇಲ್ಲಿಗೆ ಕಳಿಸಿದರು. ಮಿದುಳಿಗೆ ಜ್ವರ ಏರಿದೆ, ಊತವಿದೆ, ಏನೂ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಹದಿಮೂರು ದಿನ ಮಗಳು ಕಣ್ಣು ಬಿಡಲಿಲ್ಲ.

ನಿಮ್ಮ ಭಾವ ಕುರಿಗಳನ್ನು ತಮ್ಮನ ಮೇಲೆ ಬಿಟ್ಟು ಬಂದಿದ್ದಾರೆ. ದಿನಾ ಬೆಳಿಗ್ಗೆ ನಲ್ಲಿಯ ಕೆಳಗೆ ತಲೆಗೆ ನೀರು ಸುರಿದುಕೊಂಡು, ವಿಭೂತಿ ಹಚ್ಚಿ, ನೇಮಕಲ್ಲಿನ ಆಂಜನೇಯನ ದಿಕ್ಕಿಗೆ ಕೈ ಮುಗಿದು, ಆಮೇಲೆ ಔಷಧಿ ಚೀಟಿಗೆ ಹೋಗುತ್ತಾರೆ. ಒಂದು ದಿನವೂ ತಪ್ಪಿಲ್ಲ. ನಿಮಗೆ ಹೆದರಿಕೆಯೇ ಇಲ್ಲವೇ ಎಂದು ಸಿಟ್ಟಿನಿಂದ ಕೇಳಿದೆ. "ಐತಿ. ಹೆದರಿಕಿ ಇದ್ದಾಗ ಅಲ್ಲೇನು ಆತನ ಹೆಸರು ಬೇಕಾಗೋದು," ಎಂದರು. ಚೀಟಿ ಹಿಡಿದು ಔಷಧಿ ತರಲು ನಡೆದರು.

ನಾನು ಹಾಗಿರಲಿಲ್ಲ ನಾಗೂ. ಮೊದಲ ದಿನ ಬರಿಗಾಲಲ್ಲಿ ನೇಮಕಲ್ಲಿಗೆ ಬರುತ್ತೇನೆಂದೆ. ಮರುದಿನ ಬೆಳ್ಳಿಯ ಕಣ್ಣು ಎಂದೆ. ಅದರ ಮರುದಿನ ಮುಡಿ ಎಂದೆ. ಕುರಿ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಆಂಜನೇಯನ ಜೊತೆ ಏರಿಸುತ್ತಲೇ ಹೋದೆ. ಮಗಳ ಕಣ್ಣು ಮಾತ್ರ ತೆರೆಯಲಿಲ್ಲ. ಒಂದು ದಿನ ಕುತ್ತಿಗೆಯಲ್ಲಿದ್ದ ಆತನ ಹೆಸರಿನ ದಾರ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಬಿಟ್ಟೆ.

ಪಕ್ಕದ ಮಂಚದಲ್ಲಿ ಬೊಮ್ಮನಹಾಳ ಕಡೆಯ ಮಂಜಮ್ಮನ ಸೊಸೆ ಇದ್ದಳು. ವಿದ್ಯಾಶ್ರೀಗೆ ಬಂದದ್ದೇ ಕಾಯಿಲೆ. ಮಂಜಮ್ಮ ಒಪ್ಪತ್ತು ಉಂಡು ಕೂತಿದ್ದಳು. ನಾನು ಉಣ್ಣದಿದ್ದರೆ ಗದರಿಸಿ ನನಗೆ ಮುದ್ದೆ ತಿನ್ನಿಸುತ್ತಿದ್ದಳು. ಹದಿಮೂರನೆಯ ದಿನ ಮಧ್ಯಾಹ್ನ ಆ ಸೊಸೆ ತೀರಿಹೋದಳು. ನೋಡಲು ಬಂದಿದ್ದ ನೆಂಟರ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ಯಾವುದೋ ಹರಕೆ ಬಾಕಿ ಇಟ್ಟಿರಬೇಕು, ಇಲ್ಲದಿದ್ದರೆ ದೇವರು ಹೀಗೆ ಕೈಬಿಡುತ್ತಾನೆಯೇ ಎಂದಳು. ಮಂಜಮ್ಮನಿಗೂ ಅದು ಕೇಳಿಸಿತು. ಅವಳ ಮುಖ ನೋಡಲಾರದೆ ನಾನು ಗೋಡೆ ಕಡೆ ತಿರುಗಿದೆ.

ಹೊರಡುವ ಮೊದಲು ಅವಳು ನನ್ನ ಮಗಳ ಹಣೆ ಸವರಲು ಬಂದಳು. ನಿನ್ನ ಮೊರೆಯನ್ನೇ ಕೇಳದವನಿಗೆ ಇನ್ನೂ ಕೈ ಮುಗಿಯುತ್ತೀಯಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವಳು ನನ್ನ ಪಕ್ಕ ಕೂತಳು.

"ಬೇಡಿದ್ದು ಕೊಡ್ಲಿಲ್ಲ, ಖರೆ. ಆದ್ರ ಈಗ ನಾ ಊರಿಗೆ ಹೋಗಿ ಆ ಕೂಸನ್ನ ಎತ್ಕೋಬೇಕಲ್ಲವ್ವಾ. ಆತನ ಕೈ ಬಿಟ್ರ ಯಾರ ಕೈ ಹಿಡ್ಕಂಡು ಆ ಮನಿ ಒಳಗ ಕಾಲಿಡ್ಲಿ?"

ಸೊಸೆಯ ಮಗುವಿಗೆ ಇನ್ನೂ ಹನ್ನೊಂದು ತಿಂಗಳು. ಅವಳು ಹೋದ ಮೇಲೆ ನಾನು ಹರಕೆ ಹೊರುವುದನ್ನು ಬಿಟ್ಟೆ. ಏನನ್ನೂ ಕೊಡುತ್ತೇನೆ ಎನ್ನದೆ, ನನ್ನನ್ನು ಬಿಡಬೇಡ ಎಂದಷ್ಟೇ ಕೇಳಿಕೊಂಡೆ. ದಾರವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡೆ.

ಮರುದಿನ ವಿದ್ಯಾಶ್ರೀ ಕಣ್ಣು ಬಿಟ್ಟಳು. ಅದಕ್ಕೂ ಇದಕ್ಕೂ ಗಂಟು ಹಾಕುವ ಧೈರ್ಯ ನನಗಿಲ್ಲ. ಹಾಗೆಂದರೆ ಮಂಜಮ್ಮನಿಗೆ ಏನೆಂದ ಹಾಗಾಯಿತು? ಈಗ ಗಂಜಿ ಕುಡಿಯುತ್ತಾಳೆ. ಮೊನ್ನೆ ಮೊದಲ ಮಾತಾಡಿದಳು, ನನ್ನನ್ನೇ ನೋಡಿ, "ಸಿಸ್ಟರ್, ನೀರು" ಎಂದಳು. ನೆನಪು ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ. ಸೋಮವಾರ ಮತ್ತೆ ಸ್ಕ್ಯಾನ್ ಇದೆ. ಅದನ್ನು ನೆನೆದರೆ ಹೆದರಿಕೆಯಾಗುತ್ತದೆ. ಆದರೂ ಬೆಳಿಗ್ಗೆ ನಿಮ್ಮ ಭಾವನ ಜೊತೆ ನಲ್ಲಿಯ ಹತ್ತಿರ ನಾನೂ ನಿಲ್ಲುತ್ತೇನೆ.

ನಿನ್ನ ಮನೆ ತಣ್ಣಗಿರಲಿ. ಆ ಸ್ವಾಮಿ ನಿಮ್ಮೆಲ್ಲರ ಬೆನ್ನಿಗಿರಲಿ.

ನಿನ್ನ ಅಕ್ಕ,
ಮೈಲಾರಮ್ಮ

ಮತ್ತೆ: ಇದನ್ನು ಬರೆಯಲಿಕ್ಕೇ ಕಾಗದ ಹಿಡಿದೆ, ಆದರೆ ಕೈ ಬೇರೆಲ್ಲ ಬರೆಯಿತು. ಆರು ವರ್ಷದ ಹಿಂದೆ ನಿನ್ನ ಮಗ ಮಾರುತಿ ಜ್ವರದಲ್ಲಿ ಹೋದಾಗ, ಹನ್ನೊಂದನೆಯ ದಿನ ನಿನ್ನ ಅಡುಗೆಮನೆಯಲ್ಲಿ ನಿಂತು ನಾನು, "ಕೂದ್ಲು ಕೊಡೋ ಜವಳದ ಹರಕಿ ಮುಂದಕ ಹಾಕಿದಿ. ನಿನ್ನ ಭಕ್ತಿ ಗಟ್ಟಿ ಇದ್ದಿದ್ರ ಆತ ಹುಡುಗನ್ನ ಉಳಿಸ್ತಿದ್ದ" ಎಂದೆ. ನೀನು ನನಗೆ ಎಲೆ ಹಾಕಿ ಬಡಿಸಿದೆ. ನಾನು ಉಂಡು ಬಂದೆ. ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ, ನಿನಗೆ ಸೊಕ್ಕು ಎಂದು ಎಲ್ಲರಿಗೂ ಹೇಳಿದೆ. ನಿನ್ನ ಭಕ್ತಿಗೆ ಏನೂ ಕಡಿಮೆಯಿರಲಿಲ್ಲ ನಾಗೂ. ಆ ದಿನಗಳಲ್ಲಿ ನೀನು ಆತನನ್ನು ಎಷ್ಟು ಕರೆದಿರುವೆ ಎಂಬುದು ಈಗ ಗೊತ್ತಾಗುತ್ತಿದೆ. ಕ್ಷಮಿಸು ಎನ್ನಲು ಮುಖವಿಲ್ಲ. ಇಲ್ಲಿ ಮಗಳಿಗಾಗಿ ಕೈ ಮುಗಿದಾಗಲೆಲ್ಲ ಮಾರುತಿಯ ಹೆಸರನ್ನೂ ಹೇಳುತ್ತಿದ್ದೇನೆ. ನನ್ನ ಬಾಯಲ್ಲಿ ಅವನ ಹೆಸರು ಬೇಡವೆನಿಸಿದರೆ ತಿಳಿಸು, ನಿಲ್ಲಿಸುತ್ತೇನೆ.