ಕ್ವಾರಿಯ ನೀರು ಒಣಗುವ ತನಕ

ಭಾನುವಾರ, ಮಧ್ಯಾಹ್ನ

ಮೇಷ್ಟ್ರಿಗೆ,

ಗಂಡನಿಗೆ ಪತ್ರ ಬರೆಯುವಾಗ ಏನೆಂದು ಕರೆಯಬೇಕೆಂದು ಯೋಚಿಸಿ ಆಗಲೇ ಒಂದಷ್ಟು ಹಾಳೆ ಕೆಡಿಸಿದ್ದೇನೆ. ‘ಪ್ರೀತಿಯ’ ಎಂದರೆ ನೀವು ಕನ್ನಡಕ ಸರಿಮಾಡಿಕೊಂಡು ಇದರ ಹಿಂದೆ ಇನ್ನೇನಿದೆ ಎಂದು ಹುಡುಕುತ್ತೀರಿ. ‘ಮಾನ್ಯರೇ’ ಎಂದರೆ ರಜಾ ಅರ್ಜಿಯಾಗುತ್ತದೆ. ಕೊನೆಗೆ ಎಲ್ಲರೂ ಕರೆಯುವ ಹಾಗೆಯೇ ಕರೆದಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನಾವಿಬ್ಬರೂ ಪುಟ್ಟಿಯ ಹಾಸ್ಟೆಲು, ಪುಟ್ಟಿಯ ಕೆಮ್ಮು, ಪುಟ್ಟಿಯ ಪರೀಕ್ಷೆ ಇಷ್ಟು ಹೇಳಿ ಇಟ್ಟುಬಿಡುತ್ತೇವೆ. ಅವಳೊಬ್ಬಳು ಹುಟ್ಟದೇ ಇದ್ದಿದ್ದರೆ ನಮಗೆ ಮಾತೇ ಇರುತ್ತಿರಲಿಲ್ಲವೇನೋ.

ಮೊದಲು ಕೆಲಸದ ವಿಷಯ. ಬರುವ ಶುಕ್ರವಾರ ನನ್ನ ಚಿತ್ರಗಳ ಪ್ರದರ್ಶನ. ಅಲ್ಲಿ ನಿಮ್ಮ ಕೋಣೆಯಲ್ಲಿರುವ ಕಲ್ಲು ಕ್ವಾರಿಯ ಚಿಕ್ಕ ಚಿತ್ರ ಬೇಕೇ ಬೇಕು ಎಂದು ಗ್ಯಾಲರಿ ನಡೆಸುವಾಕೆ ಹಟ ಹಿಡಿದಿದ್ದಾಳೆ. ಅದನ್ನು ನೀವು ಹಾಸಿಗೆಯ ತಲೆದೆಸೆಯಲ್ಲಿ ತೂಗುಹಾಕಿದ್ದೀರೆಂದು ಪುಟ್ಟಿ ಹೇಳಿದಳು. ಗಾಜಿನ ಮೇಲೆ ಅಡ್ಡಡ್ಡವಾಗಿ ಟೇಪ್ ಅಂಟಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಎರಡು ರಟ್ಟುಗಳ ನಡುವೆ ಕಟ್ಟಿ ಕೊರಿಯರ್ ಮಾಡಿ. ಬಿಸಿಲು ಬೀಳುವ ಗೋಡೆಯಾಗಿದ್ದರೆ ನಿಮ್ಮ ಮೇಲೆ ನನಗೆ ಇನ್ನೊಂದು ಸಿಟ್ಟು.

ಇವತ್ತು ಇನ್ನೂ ಬ್ರಷ್ ಮುಟ್ಟಿಲ್ಲ. ಕೂರುವ ಮೊದಲು ಇದೊಂದು ಮುಗಿಸಿಬಿಡೋಣ ಎಂದು ಬರೆಯುತ್ತಿದ್ದೇನೆ. ಹಾಳೆಯ ಅಂಚಿನಲ್ಲಿ ಬಿದ್ದಿರುವ ನೀಲಿ ಬೆರಳಚ್ಚು ನಿನ್ನೆಯದು, ಕೈ ಸರಿಯಾಗಿ ತೊಳೆದಿರಲಿಲ್ಲ.

ಗ್ಯಾಲರಿಯಲ್ಲಿ ಬಾಗಿಲು ದಾಟಿದ ಕೂಡಲೇ ಎದುರಾಗುವ ಒಂದು ದೊಡ್ಡ ಗೋಡೆಯಿದೆ. ಅಲ್ಲಿಗೆ ಕ್ವಾರಿಯ ದೊಡ್ಡ ಚಿತ್ರ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಉಳಿದವೆಲ್ಲ ಫ್ರೇಮಾಗಿ ಅಲ್ಲಿಗೆ ಹೋಗಿ ಗೋಡೆಗೊರಗಿ ಕೂತಿವೆ. ಇದೊಂದು ಬಾಕಿ. ನಾಳೆ ಬೆಳಿಗ್ಗೆ ಫ್ರೇಮಿನವನು ಬರುತ್ತಾನೆ. ನಾಳೆಗೆ ಚಿತ್ರ ಇಲ್ಲದಿದ್ದರೆ ಆ ಗೋಡೆಗೆ ಬೇರೊಬ್ಬರ ಕೆಲಸ ಹಾಕಿ ನನ್ನವನ್ನು ಒಳಕೋಣೆಗೆ ಸರಿಸುತ್ತೇನೆ ಎಂದು ಆಕೆ ಬಹಳ ನಯವಾಗಿ ಹೇಳಿದ್ದಾಳೆ. ಅವಳ ತಪ್ಪಿಲ್ಲ. ಈ ಗೋಡೆಗೆ ನಾನು ಕಾದದ್ದು ಎಷ್ಟು ಕಾಲ ಎಂಬುದು ಅವಳಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಕ್ವಾರಿ ಹಾಗೆಯೇ ಇದೆ. ಬಸ್ಸಿನ ಕೊನೇ ಸ್ಟಾಪಿನಲ್ಲಿಳಿದು ತಂತಿಬೇಲಿ ದಾಟಿದರೆ ಅದೇ ಕತ್ತರಿಸಿದ ಬಂಡೆ, ಅದೇ ಹಸಿರು ನೀರು, ಆಚೆ ದಡದಲ್ಲಿ ಅದೇ ತುಕ್ಕು ಹಿಡಿದ ಕ್ರೇನ್. ಈ ಸಲವೂ ಮಡಚುವ ಸ್ಟೂಲ್ ಹೊತ್ತುಕೊಂಡು ವಾರಗಟ್ಟಲೆ ಹೋದೆ. ಬರೀ ಪೆನ್ಸಿಲ್ಲಿನಲ್ಲಿ ಗೀಚಿದೆ, ನೋಡಿದೆ, ಸುಮ್ಮನೆ ಕೂತೆ. ಕಲ್ಲು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂಬುದು ಬೆಳಗಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಆ ಕಾಣದೇ ಇರುವುದೇ ನನಗೆ ಬೇಕು. ಅಲ್ಲಿ ಕೂತಾಗ ಎಲ್ಲ ಸ್ಪಷ್ಟ. ಮನೆಗೆ ಬಂದು ದೊಡ್ಡ ಕಾಗದವನ್ನು ಬಚ್ಚಲಲ್ಲಿ ನೆನೆಸಿ, ಹಲಗೆಗೆ ಬಿಗಿದು, ಮೊದಲ ಬಣ್ಣ ಹರಿಸುವವರೆಗೂ ಸ್ಪಷ್ಟವೇ. ಆಮೇಲೆ ಶುರುವಾಗುತ್ತದೆ ನನ್ನ ಕೈಯ ಚಟ.

ಎಷ್ಟು ಹಾಳೆ ಹಾಳು ಮಾಡಿದೆ ಎಂದು ಹೇಳುವುದಿಲ್ಲ, ನೀವು ಶೇಕಡಾವಾರು ತೆಗೆಯುತ್ತೀರಿ. ಪ್ರತಿ ಸಲವೂ ಒಂದು ಗಳಿಗೆ ಬರುತ್ತದೆ. ಒದ್ದೆ ಕಾಗದದ ಹೊಳಪು ಆರುವ ಹೊತ್ತು, ನೀರು ನೀರಾಗಿ ಕಾಣತೊಡಗಿರುತ್ತದೆ, ಚಿತ್ರ ಉಸಿರಾಡುತ್ತಿರುತ್ತದೆ. ಆಗ ಕೈ ಎತ್ತಬೇಕು. ನಾನು ಎತ್ತುವುದಿಲ್ಲ. ಬಂಡೆಯ ಬುಡದಲ್ಲಿ ಒಂದಿಷ್ಟು ನೆರಳಿದ್ದರೆ ಚೆನ್ನ ಅನ್ನಿಸುತ್ತದೆ. ನೆರಳಿಟ್ಟರೆ ಪಕ್ಕದ್ದು ಪೇಲವ. ಅದನ್ನು ತಿದ್ದಲು ಹೋದರೆ ಅರೆ ಒಣಗಿದ ಬಣ್ಣದ ಮೇಲೆ ಹನಿ ಬಿದ್ದು ಹೂಕೋಸಿನಂಥ ಕಲೆ. ಅದನ್ನು ಒರೆಸಿದರೆ ರಾಡಿ. ಕವಿಗಳ ಪಾಡು ವಾಸಿ ಅನ್ನಿಸುತ್ತದೆ ಆಗ. ಹೊಡೆದುಹಾಕಿದ ಸಾಲಿನ ಅಡಿಯಲ್ಲಿ ಮೊದಲಿನ ಸಾಲು ಇನ್ನೂ ಓದಲು ಸಿಗುತ್ತದೆ. ಜಲವರ್ಣದಲ್ಲಿ ಹಿಂದಕ್ಕೆ ಹೋಗುವ ದಾರಿಯಿಲ್ಲ.

ಮೊನ್ನೆ ಒಂದನ್ನು ಇರಲಿ ಎಂದು ಧೈರ್ಯ ಮಾಡಿ ಫ್ರೇಮಿನವನಿಗೆ ತೋರಿಸಿದೆ. ಅವನು ತಲೆ ಓರೆ ಮಾಡಿ ನೋಡಿ, “ಮೇಡಂ, ಇದು ನೀರಾ, ಒಗೆದು ಹರವಿದ ಕಂಬಳಿನಾ?” ಎಂದು ಕೇಳಿದ. ಕೇಳಿ, ಪಾಪ, ತಾನೇ ಹೆದರಿ ಅಳತೆ ಟೇಪು ಹುಡುಕತೊಡಗಿದ. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಬಿಡಿಸಿ ಬರೆಯಬೇಕೆ?

ಎದ್ದು ಆ ಕಡೆ ಹೋಗಬೇಕು ಅನ್ನಿಸುತ್ತಿದೆ. ಹೋಗುವುದಿಲ್ಲ. ಪತ್ರ ಮುಗಿಸಿಯೇ ಏಳುತ್ತೇನೆ.

ಉಪಾಯ ಮಾಡಲಿಲ್ಲ ಎಂದುಕೊಳ್ಳಬೇಡಿ. ಅಲಾರಂ ಇಟ್ಟೆ. ಅದು ಹೊಡೆದಾಗ ಬಂದ್ ಮಾಡಿ ಮುಂದುವರಿಸಿದೆ, ಬೆಳಿಗ್ಗೆ ಏಳುವವರು ಮಾಡುವ ಹಾಗೆ. ಕಳೆದ ವಾರ ಪುಟ್ಟಿ ಬಂದಿದ್ದಳು. ಬಾಗಿಲಲ್ಲಿ ನಿಂತುಕೋ, ಸಾಕು ಅನ್ನಿಸಿದಾಗ ಸಾಕು ಅನ್ನು ಎಂದೆ. ಬರೀ ಆಕಾಶ ಬಳಿದಿದ್ದೆ, ಅಷ್ಟಕ್ಕೇ ಸೂಪರ್ ಅಮ್ಮ ಎಂದಳು. ಬಂಡೆ ಬಂತು, ಸೂಪರ್. ರಾಡಿಯಾಯಿತು, ಅದಕ್ಕೂ ಸೂಪರ್. ಬ್ರಷ್ ಎಸೆದು ರೇಗಿದೆ. ಅವಳೂ ರೇಗಿದಳು. “ನಿಂಗೆ ಸಾಕು ಅನ್ನೋಕೆ ಒಬ್ರು ಬೇಕು, ಸಾಕು ಅಂದ್ರೆ ಅವ್ರ ಮೇಲೇ ಕೋಪ ಮಾಡ್ಕೋತೀಯ. ಅಪ್ಪ ಅದಕ್ಕೇ ಆ ಊರಲ್ಲಿ ಆರಾಮಾಗಿದಾರೆ” ಎಂದಳು. ಆಮೇಲೆ ಕ್ಷಮೆ ಕೇಳಿ ಚಹಾ ಮಾಡಿಕೊಟ್ಟಳು. ಸಕ್ಕರೆ ಹೆಚ್ಚಾಗಿತ್ತು.

ನೀವು ಆರಾಮಾಗಿದ್ದೀರಾ?

ನಿಮಗೆ ಚಿತ್ರ ಎಂದರೆ ತ್ರಿಕೋನ, ವೃತ್ತ. ಬಣ್ಣಗಳಲ್ಲಿ ನಿಮಗೆ ಗೊತ್ತಿದ್ದದ್ದು ಕೆಂಪು ಶಾಯಿ ಒಂದೇ. ಆದರೂ ಶಾಲೆಯಿಂದ ಬಂದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನನ್ನ ಕೋಣೆಯ ಬಾಗಿಲಿಗೊರಗಿ ನಿಲ್ಲುತ್ತಿದ್ದಿರಿ. ಒಳಗೆ ಕಾಲಿಡುತ್ತಿರಲಿಲ್ಲ. ಪರೀಕ್ಷೆಯ ಕೊನೇ ಬೆಲ್ ಆದಾಗ ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ, “ಸಾಕು ತಾಯೀ, ಬ್ರಷ್ ಕೆಳಗಿಡು” ಎನ್ನುತ್ತಿದ್ದಿರಿ. ನಾನು ಇಡುತ್ತಿದ್ದೆ. ಆ ಚಿಕ್ಕ ಚಿತ್ರವೂ ಹಾಗೇ ನಿಂತದ್ದು. ನೀರಿನಲ್ಲಿ ಕ್ರೇನಿನ ಬಿಂಬ ಬರೆದಾಗಿತ್ತು, ದಡದ ಮೇಲೆ ಕ್ರೇನ್ ಇನ್ನೂ ಬಂದಿರಲಿಲ್ಲ. ಕ್ರೇನೇ ಇಲ್ಲವಲ್ಲ ಎಂದು ನಾನು ಒದ್ದಾಡಿದರೆ, ನೀರಲ್ಲಿದೆಯಲ್ಲ ಬಿಡು ಎಂದು ಹೇಳಿ ಊಟಕ್ಕೆ ಹೋದಿರಿ. ಈಗ ಅದೇ ನನ್ನ ಅತ್ಯುತ್ತಮ ಚಿತ್ರವಂತೆ. ಎಷ್ಟು ಹೊಟ್ಟೆ ಉರಿಯುತ್ತದೆ ಗೊತ್ತೇ?

ಹಳೆಯದನ್ನು ಕೆದಕುವುದಿಲ್ಲ ಎಂದುಕೊಂಡೇ ಕೂತಿದ್ದೆ. ಹಿಂದಿನ ಪ್ರದರ್ಶನದಲ್ಲಿ ಪತ್ರಿಕೆಯವನೊಬ್ಬ, ಎಲ್ಲಿ ನಿಲ್ಲಿಸಬೇಕೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನೀವು, ಅದು ನಮ್ಮ ಡಿಪಾರ್ಟ್‌ಮೆಂಟು ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪತ್ರಿಕೆಯಲ್ಲಿ ಆ ಸಾಲು ಬಂತು, ನನ್ನ ಚಿತ್ರ ಬರಲಿಲ್ಲ. ಅವತ್ತು ಮನೆಗೆ ಬಂದು, ಇನ್ನು ಮೇಲೆ ನನ್ನ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡಿರಿ ಎಂದೆ. ಇವತ್ತಿಗೂ ಅದು ಸರಿಯೇ ಅನ್ನುತ್ತೇನೆ. ತಪ್ಪಾಯಿತು ಎಂದು ಬರೆಯಲು ಕೂತಿಲ್ಲ ನಾನು.

ಆದರೆ ನೀವು ಅದನ್ನು ಶಾಲೆಯ ನಿಯಮದ ಹಾಗೆ ಪಾಲಿಸಿದಿರಿ ನೋಡಿ, ಅದನ್ನು ಮಾತ್ರ ನುಂಗಿಕೊಳ್ಳಲು ಆಗಿಲ್ಲ. ಆ ಸೇತುವೆಯ ಚಿತ್ರ ನೆನಪಿದೆಯೇ? ನೀವು ಬಾಗಿಲಲ್ಲೇ ಇದ್ದಿರಿ. ಬೆನ್ನ ಹಿಂದೆ ನೀವಿರುವುದು ನನಗೆ ಗೊತ್ತಿತ್ತು. ಬಳಿಯುತ್ತಲೇ ಹೋದೆ. ಈಗ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ಕಾಯುತ್ತ ಇಡೀ ಹೊಳೆಯನ್ನು ಕೆಸರು ಮಾಡಿದೆ. ತಿರುಗಿ, ಹಾಳಾಗ್ತಿರೋದು ಕಾಣಿಸ್ತಿತ್ತಾ ಎಂದು ಕೇಳಿದೆ.

“ಕಾಣಿಸ್ತಿತ್ತು. ನೀನೇ ಮಾತಾಡ್ಬೇಡಿ ಅಂದಿದ್ದೆಯಲ್ಲ.”

ಇಷ್ಟೇ ಹೇಳಿ ಟವೆಲ್ ಹೆಗಲು ಬದಲಿಸಿ ಹೋದಿರಿ. ಆಮೇಲೆ ವರ್ಗಾವಣೆ ಬಂತು, ಎರಡೇ ವರ್ಷ ಎಂದಿರಿ. ಎರಡು ವರ್ಷ ಮುಗಿದದ್ದನ್ನು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮದು ಜಗಳವೂ ಅಲ್ಲ, ರಾಜಿಯೂ ಅಲ್ಲ. ಕೇಳಿದವರಿಗೆ ಕೆಲಸದ ಮೇಲೆ ಹೊರಗಿದ್ದಾರೆ ಎನ್ನುತ್ತೇನೆ.

ಇನ್ನೊಂದು ತಲೆನೋವು. ಪ್ರದರ್ಶನದ ಕಿರುಪುಸ್ತಕಕ್ಕೆ, ನಾನು ಹೇಗೆ ಕೆಲಸ ಮಾಡುತ್ತೇನೆ ಎಂದು ಅರ್ಧ ಪುಟ ಬರೆದುಕೊಡಬೇಕಂತೆ. ಚೆಂದ ಮಾಡಿ ಬರೆದೆ. ಬೆಳಕು, ಮೌನ, ನೋಟ, ಎಲ್ಲ ಬಂತು. ಕೊನೆಯಲ್ಲಿ, ಚಿತ್ರವೇ ತಾನು ಮುಗಿದೆನೆಂದು ನನಗೆ ಹೇಳುತ್ತದೆ ಎಂದು ಬರೆದು ಓದಿಕೊಂಡೆ. ಮುಖ ಬಿಸಿಯಾಯಿತು. ಯಾವ ಚಿತ್ರವೂ ನನಗೆ ಇದುವರೆಗೆ ಏನನ್ನೂ ಹೇಳಿಲ್ಲ. ಹೇಳುತ್ತಿದ್ದದ್ದು ನೀವು, ಅದೂ ನಿಮ್ಮ ಮನಸ್ಸಿನಲ್ಲಿ ಊಟದ ಯೋಚನೆ ಇದ್ದಾಗ. ಒಮ್ಮೊಮ್ಮೆ ಅನುಮಾನ ಬರುತ್ತದೆ. ನಿಮಗೆ ನಿಜವಾಗಿ ಏನಾದರೂ ಕಾಣುತ್ತಿತ್ತೋ, ಹಸಿವಾದಾಗ ಸಾಕು ಎನ್ನುತ್ತಿದ್ದಿರೋ? ಹಸಿವೇ ಆಗಿದ್ದರೆ ದಯವಿಟ್ಟು ಹೇಳಬೇಡಿ. ಅಥವಾ ಹೇಳಿ, ನನಗೆ ಎಷ್ಟೋ ಹಗುರವಾದೀತು.

ಆ ಅರ್ಧ ಪುಟವನ್ನು ಹರಿದುಹಾಕಿದೆ. ಅಲ್ಲಿ ಖಾಲಿ ಬಿಡಿ ಎಂದು ಗ್ಯಾಲರಿಯಾಕೆಗೆ ಹೇಳಿದ್ದೇನೆ.

ಪುಟಗಳು ಹೆಚ್ಚಾದವು. ಇಷ್ಟುದ್ದ ಬರೆಯುವ ವಿಷಯ ಇರಲಿಲ್ಲ. ಚಿತ್ರ ಕಳಿಸಿ ಎನ್ನುವುದಕ್ಕೆ ಒಂದು ಸಾಲು ಸಾಕಿತ್ತು. ಟೇಪ್ ಅಡ್ಡಡ್ಡ ಅಂಟಿಸಲು ಮರೆಯಬೇಡಿ. ರಕ್ತದೊತ್ತಡದ ಮಾತ್ರೆ ಬಿಡಬೇಡಿ.

ಪುಟ್ಟಿಯ ಅಮ್ಮ
(ಬ್ಯಾಂಕಿನ ಕಾಗದಗಳ ಪ್ರಕಾರ ಈಗಲೂ ನಿಮ್ಮ ಹೆಂಡತಿ)

ಮತ್ತೆ: ಬ್ರಷ್ ಮುಟ್ಟಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಬೆರಳಚ್ಚು ಇವತ್ತಿನದೇ. ನಾನು ಈ ಪತ್ರಕ್ಕೆ ಕೂತಾಗ ದೊಡ್ಡ ಹಾಳೆ ಪಕ್ಕದ ಮೇಜಿನ ಮೇಲೆ ಹಸಿಯಾಗಿತ್ತು. ನೀರು ನೀರಾಗಿ ಕಾಣತೊಡಗಿತ್ತು. ಕೈ ಮತ್ತೆ ಅತ್ತ ಹೊರಟಿತು. ಹಿಂದೆ ತಿರುಗಿ ನೋಡಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ. ಕೈಗೆ ಬೇರೇನಾದರೂ ಕೊಡಬೇಕಿತ್ತು, ಪೆನ್ನು ಕೊಟ್ಟೆ. ಈಗ ಎದ್ದು ಹೋಗಿ ಕೈಯ ಹಿಂಭಾಗದಿಂದ ಮುಟ್ಟಿ ನೋಡಿದೆ. ಒಣಗಿದೆ. ಇನ್ನು ಯಾರೂ ಏನೂ ಮಾಡುವ ಹಾಗಿಲ್ಲ. ಈ ಸಲ ದಡದ ಮೇಲೆ ಕ್ರೇನ್ ಇದೆ, ನೀರಿನಲ್ಲಿ ಅದರ ಬಿಂಬವಿಲ್ಲ. ಅದನ್ನು ಬರೆಯುವ ಮೊದಲೇ ಎದ್ದುಬಂದಿದ್ದೆ. ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲ. ನಾಳೆ ಫ್ರೇಮಿನವನಿಗೆ ಇದನ್ನೇ ಕೊಡುತ್ತೇನೆ.

ಚಿಕ್ಕ ಚಿತ್ರ ಕೊರಿಯರ್‌ಗೆ ಹಾಕಬೇಡಿ, ಗಾಜು ಒಡೆದೀತು. ನೀವೇ ತನ್ನಿ. ಬಂದರೆ ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ.