ಕೊರಳು ಬಿಟ್ಟ ಲಿಂಗ

ಘತ್ತರಗಿ, ಸೆಪ್ಟೆಂಬರ್ ೧೯೪೮

ಅಪ್ಪಾ,

ನಿನ್ನ ಪುರಾಣ ಕೇಳಿ ಬೆಳೆದವಳು ಇಂದು ಏನು ಮಾಡಿದಳು ಕೇಳು. ನಿಜಾಮನ ರಾಜ್ಯ ಬಿದ್ದಿದೆ. ಸುತ್ತಲಿನ ಊರಿನವರು ಕೊಡಲಿ ಹಿಡಿದು ಮುಸಲ್ಮಾನರನ್ನು ಹುಡುಕುತ್ತಿದ್ದಾರೆ. ನೆರೆಮನೆಯ ಹುಸೇನಬಿಯನ್ನು ಭೀಮಾ ದಾಟಿಸಲು ಹೋದೆ. ದೋಣಿಯ ಬಳಿ ತಡೆದರು.

"ಯಾರಬೇ ಈಕಿ?"

"ನಮ್ಮ ಚಿಗವ್ವನ ಮಗಳ್ರಿ."

"ಲಿಂಗ ತೋರಸ್ಲಿ."

ಬೆಳಿಗ್ಗೆ ನಾನು ನನ್ನ ಕೊರಳಿಂದ ಬಿಚ್ಚಿ ಅವಳಿಗೆ ಕಟ್ಟಿದ್ದ ಲಿಂಗದ ಕರಡಿಗೆಯನ್ನು ಅವಳು ಸೆರಗಿನೊಳಗಿಂದ ತೆಗೆದು ತೋರಿಸಿದಳು. ಪುರಾಣ ಹೇಳುವವನ ಮಗಳೆಂದು ನನ್ನ ಕೊರಳನ್ನು ಯಾರೂ ನೋಡಲಿಲ್ಲ. ಅವಳನ್ನು ದೋಣಿ ಹತ್ತಲು ಬಿಟ್ಟರು.

ಲಿಂಗ ಅಗಲಿದವರು ಹನಿ ನೀರು ಕುಡಿದರೂ ನರಕವೆಂದು ನೀನು ಪುರಾಣದಲ್ಲಿ ಓದುತ್ತಿದ್ದೆ. ಕೈಯಾರೆ ಬಿಚ್ಚಿ ಕೊಟ್ಟವರಿಗೆ ಏನೆಂದು ಓದಲೇ ಇಲ್ಲ. ಕೇಳೋಣವೆಂದರೆ ನೀನು ತೀರಿಹೋಗಿ ವರ್ಷವಾಯಿತು.

ತಂಬಿಗೆ ಮುಂದಿದೆ. ನಾನಿನ್ನೂ ಮುಟ್ಟಿಲ್ಲ. ಆಚೆ ದಡದಲ್ಲಿ ಹುಸೇನಬಿ ನೀರು ಕುಡಿದಿರಬೇಕು, ಕೊರಳಲ್ಲಿ ನನ್ನ ಲಿಂಗ ಇಟ್ಟುಕೊಂಡು.

ನಿಂಬೆವ್ವ